ಒಣನೆಲದ ಅಂಗಳದಲ್ಲಿ ಬಾಟಲ್‌ಬ್ರಷ್

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದೊಡನೆ ಮಳೆ ಕಡಮೆಯಾದ ಬಯಲುನಾಡು ಕಣ್ಣೆದುರು ನಿಲ್ಲುತ್ತದೆ. ಹಡಗಲಿಯ ಮಲ್ಲಿಗೆ ನಾಡಿಗೆಲ್ಲ ಪರಿಚಿತ. ಆದರೆ ಬೇಸಿಗೆಯಲ್ಲಿ ಕುಡಿಯುವ ನೀರಿಗೂ ಪರದಾಡುವ ಮನೆಗಳು ಇಲ್ಲಿ ಉಂಟು. ಇಂಥಲ್ಲಿ ಕೇವಲ ಚೆಲುವಿಗಾಗಿ ಒಂದು ಗಿಡವನ್ನು ಬೆಳೆಸುವುದು ಉಚಿತವೇ? ಈ ಪ್ರಶ್ನೆಯನ್ನು ಬಾಟಲ್‌ಬ್ರಷ್ ಗಿಡದ ನಿದರ್ಶನದಿಂದ ಪರಿಶೀಲಿಸೋಣ.

ಇದರ ತವರು ಆಸ್ಟ್ರೇಲಿಯ. ಸಸ್ಯವಿಜ್ಞಾನಿ ರಾಬರ್ಟ್ ಬ್ರೌನನು 1814ರಲ್ಲಿ ಇದರ ಕುಲಕ್ಕೆ ‘ಕ್ಯಾಲಿಸ್ಟೆಮನ್’ ಎಂದು ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ‘ಸುಂದರ ಕೇಸರ’ ಎಂದು ಇದರ ಅರ್ಥ. ಹೆಸರು ಅನ್ವರ್ಥವಾದುದೇ, ಸೀಸೆ ತೊಳೆಯುವ ಕುಂಚದಂತೆ ಕಾಣುವ ಕೆಂಪು ಗೊಂಚಲಿನಲ್ಲಿ ಬಣ್ಣವೆಲ್ಲ ಕೇಸರಗಳದು, ಎಸಳುಗಳು ಅತಿ ಚಿಕ್ಕವು. ನಮ್ಮ ನೇರಳೆ, ಸೀಬೆ, ನೀಲಗಿರಿ ಮರಗಳೆಲ್ಲ ಇದರ ದಾಯಾದಿಗಳು.

ಆಸ್ಟ್ರೇಲಿಯದ್ದೆಂದ ಮಾತ್ರಕ್ಕೆ ಇದು ಮರುಭೂಮಿಯ ಗಿಡವೆಂದು ಭಾವಿಸಲಾಗದು. ನಮ್ಮ ತೋಟಗಳಲ್ಲಿ ಕಾಣುವ ಜೋಲುಕೊಂಬೆಯ ಜಾತಿ ಅಲ್ಲಿ ಹೊಳೆದಂಡೆಗಳಲ್ಲಿ ಬೆಳೆಯುತ್ತದೆ. ಬೇರು ಆಳಕ್ಕಿಳಿದ ಮೇಲೆ ಅದು ಬರವನ್ನು ಸಹಿಸಬಲ್ಲುದು. ಅದಕ್ಕೆ ಮುಂಚೆ ಸಹಿಸದು. ಆದ್ದರಿಂದ ಮೊದಲ ಒಂದೆರಡು ವರ್ಷಗಳ ಆರೈಕೆಯೇ ಮುಖ್ಯ.

ಇಲ್ಲಿ ಭೌತಶಾಸ್ತ್ರವು ನೆರವಿಗೆ ಬರುತ್ತದೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು ಹರಡಿದರೆ ಅದರ ದಪ್ಪ ಸರಿಯಾಗಿ ಒಂದು ಮಿಲಿಮೀಟರ್. ಗಿಡದ ಪಾತಿ ಅರ್ಧ ಚದರ ಮೀಟರ್ ಇದೆಯೆನ್ನೋಣ. ದಿನಕ್ಕೆ 2 ಲೀಟರ್ ಹಾಕಿದರೆ 4 ಮಿಲಿಮೀಟರ್ ಆಯಿತು. ಬೇಸಿಗೆಯಲ್ಲಿ ತೆರೆದ ತಟ್ಟೆಯ ನೀರು ದಿನಕ್ಕೆ ಹಲವು ಮಿಲಿಮೀಟರ್ ತಗ್ಗುವುದನ್ನು ನಾವೇ ಅಳೆದು ನೋಡಬಹುದು. ಎಂದರೆ, ಹಾಕಿದ ನೀರಿನ ಬಹುಭಾಗ ಬಿಸಿಲಿನ ಪಾಲು! ಅದೇ 14 ಲೀಟರನ್ನು ವಾರಕ್ಕೊಮ್ಮೆ, ಸಂಜೆ, ನಿಧಾನವಾಗಿ ಹಾಕಿದರೆ 28 ಮಿಲಿಮೀಟರ್ ಆಗುತ್ತದೆ. ನೀರು ನಿಲ್ಲುವುದು ಮಣ್ಣಿನ ಸಂದುಗಳಲ್ಲಿ ಮಾತ್ರ. ಆದುದರಿಂದ ಅದು ಇದರ ಹಲವು ಪಟ್ಟು ಆಳಕ್ಕೆ ಇಳಿಯುತ್ತದೆ. ಬೇರೂ ಅದನ್ನು ಹಿಂಬಾಲಿಸುತ್ತದೆ. ಎಳೆಯ ಸಸಿಗೆ ಮಾತ್ರ ಮೊದಲ ಕೆಲವು ವಾರ ಹೆಚ್ಚು ಬಾರಿ ನೀರು ಬೇಕು.

ಇಳಿದ ನೀರು ಸೂಕ್ಷ್ಮ ರಂಧ್ರಗಳ ಮೂಲಕ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಮತ್ತೆ ಮೇಲೇರುತ್ತದೆ. ಇದೇ ಲೋಮನಾಳಾಕರ್ಷಣೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಪಾತಿಯ ಮೇಲೆ ನಾಲ್ಕು ಅಂಗುಲ ಒಣ ಎಲೆ ಅಥವಾ ಶೇಂಗಾ ಹೊಟ್ಟು ಹರಡಿದರೆ ಬಿಸಿಲಿನ ಶಾಖವೂ ಗಾಳಿಯೂ ಮಣ್ಣಿಗೆ ತಾಗವು; ಆವಿಯಾಗುವಿಕೆ ತಗ್ಗುತ್ತದೆ. ಹೊದಿಕೆ ಕಾಂಡಕ್ಕೆ ಮಾತ್ರ ತಾಗಬಾರದು.

ಮುಂಗಾರಿನ ಆರಂಭದಲ್ಲಿ, ಬಿಸಿಲು ಚೆನ್ನಾಗಿ ಬೀಳುವೆಡೆ ಸಸಿಯನ್ನು ನೆಡಬೇಕು. ಕೆಂಪುಮಣ್ಣು ಒಳ್ಳೆಯದು. ಸುಣ್ಣದಂಶ ಹೆಚ್ಚಾದ ಎರೆಮಣ್ಣಿನಲ್ಲಿ ಬೇರಿಗೆ ಕಬ್ಬಿಣ ದೊರೆಯದೆ ಎಲೆ ಹಳದಿಯಾಗಬಹುದು. ಹೂ ಬಾಡಿದೊಡನೆ ಗೊಂಚಲಿನ ಸ್ವಲ್ಪ ಹಿಂದಕ್ಕೆ ಕತ್ತರಿಸಿದರೆ ಗಿಡ ಪೊದೆಯಾಗುತ್ತದೆ.

ಇನ್ನು ನಮ್ಮ ಮೊದಲ ಪ್ರಶ್ನೆ. ಅಕ್ಕಿ, ತರಕಾರಿ ತೊಳೆದ ನೀರನ್ನು ಕೂಡಿಟ್ಟರೆ ವಾರಕ್ಕೊಂದು ಬಕೆಟ್ ಸಿಕ್ಕೀತು. ಸಾಬೂನಿನ ನೀರು ಕ್ಷಾರವಾದ್ದರಿಂದ ಬೇಡ. ಕುಡಿಯುವ ಕೊಡದಿಂದ ಒಂದು ಹನಿಯನ್ನೂ ತೆಗೆಯದೆ, ಜೇನುನೊಣಕ್ಕೂ ಸೂರಕ್ಕಿಗೂ ಮಕರಂದವನ್ನು ಉಣಿಸುವ ಒಂದು ಗಿಡವನ್ನು ನಾವು ಸಾಕಬಹುದು. ಲೆಕ್ಕವರಿತು ಹಾಕಿದ ನೀರು ವ್ಯರ್ಥವಾಗದು.