ವಾಲಿ ಮೀಟಿಂಗಿಗೆ ಹೋಗುವ ಮುನ್ನ

ಗುಜರಾತಿಗೆ ಬಂದ ಹೊಸದರಲ್ಲಿ ಮಕ್ಕಳ ಶಾಲೆಯಿಂದ ‘ವಾಲಿ ಮೀಟಿಂಗ್’ ಎಂದು ಚೀಟಿ ಬಂದಾಗ ನಕ್ಕವರು ನಮ್ಮಲ್ಲಿ ಅನೇಕರು. ಸುಗ್ರೀವನ ಅಣ್ಣನಿಗೂ ಒಂಬತ್ತನೇ ತರಗತಿಗೂ ಏನು ಸಂಬಂಧ? ಆಮೇಲೆ ಗೊತ್ತಾಗುತ್ತದೆ, ಗುಜರಾತಿಯಲ್ಲಿ ವಾಲಿ ಎಂದರೆ ಪಾಲಕರು, ಅಂದರೆ ನಾವೇ! ಶಾಲೆ ಇಲ್ಲಿ ‘ಶಾಳಾ’, ತರಗತಿ ‘ಧೋರಣ್’, ಮುಖ್ಯೋಪಾಧ್ಯಾಯರು ‘ಆಚಾರ್ಯ’.

ಊರಿನಲ್ಲಿ ಮೇ ಕೊನೆಗೇ ಶಾಲೆಯ ಗಂಟೆ ಬಾರಿಸಿದರೆ, ಗುಜರಾತ್ ಬೋರ್ಡಿನ ಶಾಲೆಗಳು 35 ದಿನಗಳ ಬೇಸಿಗೆ ರಜೆ ಮುಗಿಸಿ ಜೂನ್ ಎರಡನೇ ವಾರದ ಸುಮಾರಿಗೆ ತೆರೆಯುತ್ತವೆ. ಅಹಮದಾಬಾದಿನ ಇಸ್ರೋ, ವಡೋದರಾದ ಕೊಯಲಿ ರಿಫೈನರಿ, ಸೂರತ್ ಪಕ್ಕದ ಹಜೀರಾ, ಬ್ಯಾಂಕು, ಹೋಟೆಲು, ಹೀಗೆ ಯಾವ ಕೆಲಸದ ಮೇಲೆ ಬಂದವರಾದರೂ ನಮ್ಮದೊಂದು ಸ್ವಭಾವವಿದೆ. ‘ನಾವು ಹೊರಗಿನವರು, ಭಾಷೆಯೂ ಸರಿಯಾಗಿ ಬರೋದಿಲ್ಲ, ಆಫೀಸಿನಲ್ಲಿ ಹೆಚ್ಚು ಕೇಳೋದು ಬೇಡ’ ಎಂದು ಕೊಟ್ಟ ಕಡೆ ಸಹಿ ಹಾಕಿ ಬರುತ್ತೇವೆ. ಆದರೆ ಜೂನ್‌ನಲ್ಲಿ ಕೇಳದೆ ಬಿಟ್ಟ ಪ್ರಶ್ನೆ ಮೂರು ವರ್ಷ ಬಿಟ್ಟು ಮಗುವಿನ ಎದುರು ಬಂದು ನಿಲ್ಲುತ್ತದೆ. ಆದ್ದರಿಂದ ಪ್ರೌಢಶಾಲೆಯ ಮಕ್ಕಳಿರುವ ಮನೆಗಳಿಗೆ ಈ ನೆನಪಿನ ಓಲೆ.

ಹೆಸರು ಸರಿಯಿದೆಯೇ?

ಇಲ್ಲಿನ ದಾಖಲೆಗಳಲ್ಲಿ ಮೊದಲು ‘ಅಟಕ್’ ಅಂದರೆ ಅಡ್ಡಹೆಸರು, ಆಮೇಲೆ ಮಗುವಿನ ಹೆಸರು, ಕೊನೆಗೆ ತಂದೆಯ ಹೆಸರು ಬರೆಯುವುದು ರೂಢಿ. ನಮ್ಮಲ್ಲಿ ಎಷ್ಟೋ ಜನಕ್ಕೆ ಅಡ್ಡಹೆಸರೇ ಇಲ್ಲ; ಇರುವುದು ಒಂದೆರಡು ಇನಿಷಿಯಲ್. ಗುಮಾಸ್ತರು ‘ಅಟಕ್ ಏನು?’ ಎಂದು ಕೇಳಿದಾಗ ಗಾಬರಿಯಲ್ಲಿ ಊರಿನ ಹೆಸರು ಹೇಳಿಬಿಡುತ್ತೇವೆ. ಹೀಗಾಗಿ ಜನನ ಪತ್ರದಲ್ಲಿ ಬರೀ ಹೆಸರು, ಆಧಾರ್‌ನಲ್ಲಿ ಇನಿಷಿಯಲ್, ಶಾಲೆಯ ಜನರಲ್ ರಿಜಿಸ್ಟರಿನಲ್ಲಿ ಊರು. ಒಂದೇ ಮಗು, ಮೂರು ಹೆಸರು.

ಸಿಬಿಎಸ್‌ಇ ಶಾಲೆಗಳಲ್ಲಿ ಒಂಬತ್ತರಲ್ಲೇ ಬೋರ್ಡಿಗೆ ಹೆಸರು ನೋಂದಣಿಯಾಗುತ್ತದೆ. ಗುಜರಾತ್ ಬೋರ್ಡಿನಲ್ಲಿ ಹತ್ತನೆಯ ತರಗತಿಯ ಪರೀಕ್ಷಾ ಅರ್ಜಿಯನ್ನು ಶಾಲೆಯೇ ತುಂಬುತ್ತದೆ. ಅಲ್ಲಿ ಅಚ್ಚಾದ ಹೆಸರೇ ಮುಂದೆ ಕಾಲೇಜಿಗೆ, ಪಾಸ್‌ಪೋರ್ಟಿಗೆ, ನೌಕರಿಗೆ. ಅಂಕಪಟ್ಟಿ ಬಂದ ಮೇಲೆ ತಿದ್ದಿಸುವುದಕ್ಕಿಂತ ಈಗ ಜನನ ಪತ್ರ ಹಿಡಿದು ಹೋಗಿ, ರಿಜಿಸ್ಟರ್ ತೋರಿಸಿ ಎಂದು ಕೇಳಿ, ಅಕ್ಷರ ಅಕ್ಷರ ನೋಡುವುದು ಸುಲಭ. ತಂದೆ ತಾಯಿಯ ಹೆಸರು, ಹುಟ್ಟಿದ ತಾರೀಖು, ಜಾತಿಯ ಕಾಲಂ ಕೂಡ ನೋಡಿ.

ಗುಜರಾತಿ ತಪ್ಪುವುದಿಲ್ಲ

2023ರಲ್ಲಿ ವಿಧಾನಸಭೆ ಒಪ್ಪಿದ ಕಾಯ್ದೆಯ ಪ್ರಕಾರ ಒಂದರಿಂದ ಎಂಟನೇ ತರಗತಿವರೆಗೆ ಎಲ್ಲ ಶಾಲೆಗಳಲ್ಲೂ, ಸಿಬಿಎಸ್‌ಇ ಇರಲಿ ಐಸಿಎಸ್‌ಇ ಇರಲಿ, ಗುಜರಾತಿ ಕಲಿಸಲೇಬೇಕು. ವರ್ಗಾವಣೆಯಾಗಿ ಬಂದು ಏಳಕ್ಕೋ ಎಂಟಕ್ಕೋ ನೇರವಾಗಿ ಸೇರುವ ಮಗುವಿಗೆ ಇದು ಕಷ್ಟವೇ. ಆದರೆ ಹಿಂದಿ ಬಲ್ಲ ಮಗುವಿಗೆ ಲಿಪಿ ಬೇಗ ಹತ್ತುತ್ತದೆ. ತಲೆಯ ಮೇಲಿನ ಗೆರೆ ತೆಗೆದರೆ ಅರ್ಧ ಅಕ್ಷರಗಳು ಪರಿಚಯದವೇ. ಮಗುವನ್ನು ಹೆದರಿಸುವ ಬದಲು, ಮೊದಲ ವರ್ಷ ಭಾಷಾ ಶಿಕ್ಷಕರಿಂದ ಏನು ಸಹಾಯ ಸಿಗುತ್ತದೆ ಎಂದು ಮೊದಲ ಮೀಟಿಂಗಿನಲ್ಲೇ ಕೇಳಿ.

ಫೀಸು ಮತ್ತು ನೆರವು

ಖಾಸಗಿ ಶಾಲೆಗಳ ಶುಲ್ಕಕ್ಕೆ ರಾಜ್ಯದಲ್ಲಿ 2017ರ ಕಾಯ್ದೆಯಿದೆ. ಅಹಮದಾಬಾದ್, ವಡೋದರಾ, ಸೂರತ್, ರಾಜಕೋಟ್ ವಲಯಗಳಿಗೆ ಶುಲ್ಕ ನಿಯಂತ್ರಣ ಸಮಿತಿಗಳಿವೆ. ಸಮಿತಿ ಒಪ್ಪಿದ್ದಕ್ಕಿಂತ ಹೆಚ್ಚು ವಸೂಲು ಮಾಡುವಂತಿಲ್ಲ. ಒಪ್ಪಿದ ಮೊತ್ತ ಎಷ್ಟು ಎಂದು ಕೇಳುವುದು ಜಗಳವಲ್ಲ, ಹಕ್ಕು.

ಹೆಣ್ಣುಮಕ್ಕಳ ತಂದೆ ತಾಯಂದಿರು ‘ನಮೋ ಲಕ್ಷ್ಮಿ’ ಯೋಜನೆಯ ಬಗ್ಗೆ ತಪ್ಪದೆ ವಿಚಾರಿಸಿ. 2024ರಲ್ಲಿ ಶುರುವಾದ ಇದರಲ್ಲಿ ಒಂಬತ್ತರಿಂದ ಹನ್ನೆರಡರವರೆಗೆ ನಾಲ್ಕು ವರ್ಷಕ್ಕೆ ಒಟ್ಟು 50,000 ರೂಪಾಯಿ ಸಿಗುತ್ತದೆ. ಒಂದು ಭಾಗ ತಿಂಗಳು ತಿಂಗಳು, ಉಳಿದದ್ದು ಹತ್ತು ಮತ್ತು ಹನ್ನೆರಡು ಪಾಸಾದ ಮೇಲೆ. ಆದಾಯದ ಷರತ್ತಿದೆ, ಶೇ. 80 ಹಾಜರಿ ಬೇಕು. ಊರ ಜಾತ್ರೆ, ಮದುವೆ ಎಂದು ವಾರಗಟ್ಟಲೆ ಶಾಲೆ ತಪ್ಪಿಸುವ ಮುನ್ನ ಇದನ್ನು ನೆನೆಯಿರಿ. ದೀಪಾವಳಿಗೆ ಹೇಗೂ 21 ದಿನ ರಜೆ ಇದ್ದೇ ಇದೆ. ವಿಜ್ಞಾನ ಓದುವವರಿಗೆ ‘ನಮೋ ಸರಸ್ವತಿ’ ಎಂಬ ಬೇರೆ ಯೋಜನೆಯಿದೆ.

ಟ್ಯೂಷನ್ನಿನ ಮೆಟ್ಟಿಲು

2019ರ ಮೇ 24ರಂದು ಸೂರತ್‌ನ ಸರ್ಥಾಣಾದ ತಕ್ಷಶಿಲಾ ಕಟ್ಟಡಕ್ಕೆ ಬೆಂಕಿ ಬಿದ್ದು, ಮೇಲ್ಮಹಡಿಯ ಕ್ಲಾಸಿನಲ್ಲಿದ್ದ 22 ಎಳೆಯರು ಪ್ರಾಣ ಬಿಟ್ಟರು. ಇಳಿಯಲು ದಾರಿಯಿಲ್ಲದೆ ಕಿಟಕಿಯಿಂದ ಹಾರಿದ ಮಕ್ಕಳ ಚಿತ್ರ ಸೂರತ್ತಿನವರು ಮರೆತಿಲ್ಲ. ಟ್ಯೂಷನ್ ಸೇರಿಸುವಾಗ ನಾವು ಕೇಳುವುದು ಕಳೆದ ವರ್ಷ ಎಷ್ಟು ಮಂದಿಗೆ 90 ದಾಟಿತು ಎಂದು. ಅದರ ಜೊತೆ ಒಮ್ಮೆ ಮೆಟ್ಟಿಲು ಹತ್ತಿ ನೋಡಿ: ಎರಡನೇ ದಾರಿ ಇದೆಯೇ, ಕಿಟಕಿಗಳು ಜಾಹೀರಾತು ಬೋರ್ಡಿನ ಹಿಂದೆ ಮುಚ್ಚಿವೆಯೇ, ಅಗ್ನಿಶಾಮಕ ಇಲಾಖೆಯ ಅನುಮತಿ ಇದೆಯೇ.

ಟ್ಯೂಷನ್ ದೂರವೆಂದು ಹದಿನೈದರ ಹುಡುಗನ ಕೈಗೆ ಸ್ಕೂಟರ್ ಕೀಲಿ ಕೊಡಬೇಡಿ. ಸಿಕ್ಕಿಬಿದ್ದರೆ ಪಾಲಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು; ಮಗುವಿಗೆ 25 ವರ್ಷವಾಗುವವರೆಗೆ ಲೈಸೆನ್ಸ್ ಇಲ್ಲ. ಕಾನೂನಿಗಿಂತ ಮೊದಲು ರಸ್ತೆಯ ಭಯ ಇರಲಿ.

ಹನ್ನೆರಡರ ಆಚೆ

ಕರ್ನಾಟಕದ ಸಿಇಟಿ ಸೀಟಿಗೆ ಅಲ್ಲಿ ಏಳು ವರ್ಷ ಓದಿರಬೇಕು ಎಂಬುದು ಎಲ್ಲರೂ ಬಲ್ಲ ನಿಯಮ. ಗುಜರಾತಿನಲ್ಲೂ ಹತ್ತು, ಹನ್ನೆರಡು ಓದಿದ್ದು ಎಲ್ಲಿ ಎಂಬುದು ಪ್ರವೇಶದ ವೇಳೆ ಲೆಕ್ಕಕ್ಕೆ ಬರುತ್ತದೆ. ಹನ್ನೊಂದರ ನಡುವೆ ವರ್ಗಾವಣೆ ಒಪ್ಪಿಕೊಂಡ ಮನೆಯ ಮಗು ಎರಡೂ ಕಡೆ ಸಲ್ಲದೆ ಹೋಗಬಹುದು. ಎರಡೂ ರಾಜ್ಯಗಳ ಅರ್ಹತೆಯ ನಿಯಮಗಳನ್ನು ಒಂಬತ್ತರಲ್ಲೇ ಓದಿಟ್ಟುಕೊಳ್ಳಿ.

ಅಲ್ಲೇ ‘ಹೊರನಾಡು ಕನ್ನಡಿಗ’ ಎಂಬ ವರ್ಗವೂ ಕಾಣುತ್ತದೆ. ಆ ವರ್ಗದಲ್ಲಿ ಅರ್ಜಿ ಹಾಕುವವರು ಪ್ರತ್ಯೇಕ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. 2025ರಲ್ಲಿ ಸಿಇಟಿ ಏಪ್ರಿಲ್ 16, 17ರಂದು ನಡೆದರೆ, ಹೊರನಾಡು ಮತ್ತು ಗಡಿನಾಡು ಕನ್ನಡಿಗರ ಈ ಪರೀಕ್ಷೆ 15ರಂದು ನಡೆಯಿತು. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಚೆನ್ನಾಗಿಯೇ ಆಡುತ್ತಾರೆ. ಒತ್ತಕ್ಷರ ಬರೆಯಿರಿ ಎಂದರೆ ಪೆನ್ನು ನಿಲ್ಲುತ್ತದೆ. ಭೌತಶಾಸ್ತ್ರ, ಗಣಿತದ ಭಾರ ಹೊತ್ತ ಹದಿನೇಳರ ಮಗುವಿಗೆ ಆಗ ಕಾಗುಣಿತ ಕಲಿಸಲು ಕೂರಿಸುವುದು ಅನ್ಯಾಯ. ಎಂಟರಿಂದಲೇ ದಿನಕ್ಕೆ ಕಾಲು ಗಂಟೆ, ಒಂದು ಪುಟ ಓದಿಸಿ, ನಾಲ್ಕು ಸಾಲು ಬರೆಸಿ. ಊರಿನ ಅಜ್ಜಿಗೆ ಕನ್ನಡದಲ್ಲೇ ಮೆಸೇಜು ಹಾಕಿಸಿ. ಅಜ್ಜಿ ತಪ್ಪು ತಿದ್ದುತ್ತಾರೆ, ಫೀಸು ಕೇಳುವುದಿಲ್ಲ!

ಹೊಸ ಸಮವಸ್ತ್ರ, ಮಳೆಗೆ ರೇನ್‌ಕೋಟು, ಪುಸ್ತಕಕ್ಕೆ ಹೊದಿಕೆ ಇವೆಲ್ಲ ಹೇಗೂ ನಡೆಯುತ್ತವೆ. ಈ ಸಲ ವಾಲಿ ಮೀಟಿಂಗಿಗೆ ಹೋಗುವಾಗ ಜನನ ಪತ್ರದ ಒಂದು ಪ್ರತಿ ಮತ್ತು ಪ್ರಶ್ನೆಗಳನ್ನು ಬರೆದ ಒಂದು ಚೀಟಿ ಜೇಬಿನಲ್ಲಿರಲಿ. ಹರಕುಮುರುಕು ಗುಜರಾತಿಯಲ್ಲಿ ಕೇಳಿದರೂ ಸಾಕು. ಇಲ್ಲಿನ ಜನ ‘ಆವೋ, ಬೇಸೋ’ ಎಂದು ಕೂರಿಸಿಯೇ ಉತ್ತರ ಕೊಡುತ್ತಾರೆ.