ಅಕ್ಷರಗಳ ವೇಷಪಲ್ಲಟ

ಈ ವರ್ಷದ ಸಂಚಿಕೆಯ ವಿದ್ಯಾರ್ಥಿ ಸಂಪಾದಕ ಮಂಡಲಿಗೆ ನನ್ನ ಹೆಸರು ಸೇರಿದಾಗ, ಕತೆ ಕವನಗಳನ್ನು ಓದಿ ಕಾಗುಣಿತ ತಿದ್ದುವುದಷ್ಟೇ ನನ್ನ ಕೆಲಸವೆಂದು ಭಾವಿಸಿದ್ದೆನು. ತಿದ್ದುವ ಮಾತು ಹಾಗಿರಲಿ, ಬಂದ ಬರಹಗಳಲ್ಲಿ ಕೆಲವನ್ನು ಓದುವುದಕ್ಕೇ ಆಗಲಿಲ್ಲ. ಹಾಸನದವರಲ್ಲದೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ದಿನವೂ ಬಸ್ಸಿನಲ್ಲಿ ಬರುವ ಗೆಳೆಯರು ತಂತಮ್ಮ ಊರಿನ ಅಂಗಡಿಗಳಲ್ಲಿ ಬೆರಳಚ್ಚು ಮಾಡಿಸಿ ತಂದಿದ್ದರು. ಅಲ್ಲಿ ಕನ್ನಡವಾಗಿದ್ದುದು ನಮ್ಮ ಗಣಕದಲ್ಲಿ ಬೇರೇನೋ ಆಗಿತ್ತು.

ಅವುಗಳಲ್ಲಿ ಒಂದನ್ನು ಕುರಿತು ಹೇಳಲೇಬೇಕು. ಅರಕಲಗೂಡಿನ ಕಡೆಯ ನನ್ನ ಸಹಪಾಠಿಯೊಬ್ಬನ ಅಜ್ಜಿ ರಾಗಿ ಬೀಸುವಾಗ ಹೇಳುತ್ತಿದ್ದ ಪದಗಳನ್ನು ಅವನ ತಂದೆಯವರು ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದರು. ಅವನ್ನು ಎಷ್ಟೋ ವರ್ಷಗಳ ಹಿಂದೆ ಒಂದು ಅಂಗಡಿಯಲ್ಲಿ ಬೆರಳಚ್ಚು ಮಾಡಿಸಿದ್ದರು. ಆಮೇಲೆ ಮಾಡು ಸೋರಿ ಪುಸ್ತಕ ನೆನೆದು ಹಾಳಾಯಿತು; ಅಜ್ಜಿಯೂ ಈಗಿಲ್ಲ. ಉಳಿದುದು ಆ ಫೈಲು ಒಂದೇ. ಅದನ್ನು ತೆರೆದರೆ, ‘ಕನ್ನಡ’ ಎಂದಿರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಇಂಗ್ಲೆಂಡಿನ ಪೌಂಡು ನಾಣ್ಯದ ಗುರುತು, ಮತ್ತೆ ಅದೇ ಎ, ಜರ್ಮನರ ಒಂದು ಅಕ್ಷರ, ಕ್ಯೂ, ಮತ್ತೊಮ್ಮೆ ಎ! “ಫೈಲು ಕೆಟ್ಟಿದೆ, ಬಿಟ್ಟುಬಿಡು” ಎಂದು ಮಂಡಲಿಯ ಒಬ್ಬರು ಹೇಳಿದರು. ಗೆಳೆಯನ ಮುಖ ನೋಡಿ ನನಗೆ ಬಿಡಲು ಮನಸ್ಸಾಗಲಿಲ್ಲ.

ಫೈಲು ಕೆಟ್ಟಿರಲಿಲ್ಲ. ಗಣಕವು ಅಕ್ಷರಗಳನ್ನು ಅರಿಯದು, ಅಂಕಿಗಳನ್ನು ಮಾತ್ರ ಬಲ್ಲುದು. ಆ ಅಂಕಿಗೆ ಯಾವ ರೂಪ ತೊಡಿಸಬೇಕೆಂಬುದನ್ನು ಫಾಂಟು ಹೇಳುತ್ತದೆ. ಹಿಂದಿನ ಫಾಂಟುಗಳಲ್ಲಿ ಇದ್ದುದು 256 ಮನೆಗಳು. ಅವೂ ಯೂರೋಪಿನ ಅಕ್ಷರಗಳಿಗೆಂದು ಕಟ್ಟಿದವು. ನಮ್ಮ ಕಾಗುಣಿತ, ಒತ್ತಕ್ಷರಗಳೆಲ್ಲ ಅಲ್ಲಿ ಹಿಡಿಯಲಾರವು. ಆದುದರಿಂದ ಕನ್ನಡದವರು ಅಕ್ಷರವನ್ನು ತುಂಡು ಮಾಡಿ ಆ ಮನೆಗಳಲ್ಲಿಯೇ ಬಾಡಿಗೆಗೆ ಇಳಿದರು: ಕಕಾರದ ಒಡಲು ಪಿ ಮನೆಯಲ್ಲಿ, ತಲೆಕಟ್ಟು ಗೀಟಿನ ಎ ಮನೆಯಲ್ಲಿ. ಹೀಗಾಗಿ ‘ಕನ್ನಡ’ ಎಂಬುದು 80, 192, 163, 192, 223, 113, 192 ಎಂಬ ಏಳು ಅಂಕಿಗಳಾಯಿತು. ನುಡಿ ಫಾಂಟು ಇರುವ ಗಣಕದಲ್ಲಿ ಅದು ಕನ್ನಡ, ಇಲ್ಲದ ಕಡೆ ಪಿಶಾಚಭಾಷೆ. ಇದು ಯಾರ ತಪ್ಪೂ ಅಲ್ಲ. ಶ್ರೀ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ, 1998ರಲ್ಲಿ ಶ್ರೀ ಶೇಷಾದ್ರಿವಾಸು ಚಂದ್ರಶೇಖರನ್ ಅವರು ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವು ಇಲ್ಲದಿದ್ದರೆ ಊರೂರಿನ ಅಂಗಡಿಗಳಲ್ಲಿ ಕನ್ನಡ ಬೆರಳಚ್ಚೇ ನಡೆಯುತ್ತಿರಲಿಲ್ಲ.

ಇಂದಿನ ಯೂನಿಕೋಡಿನ ಕ್ರಮವೇ ಬೇರೆ. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡಕ್ಕೆ 3200ರಿಂದ 3327ರ ವರೆಗೆ 128 ಸ್ವಂತ ಮನೆಗಳುಂಟು. ಅಂಚೆಯ ಪಿನ್ ಸಂಖ್ಯೆಯಂತೆ ಇದು. 573201 ಎಂದರೆ ದೇಶದ ಯಾವ ಮೂಲೆಯ ಅಂಚೆಯವನಿಗೂ ಹಾಸನವೇ, 573116 ಎಂದರೆ ಚನ್ನರಾಯಪಟ್ಟಣವೇ. ಹಾಗೆಯೇ 3221 ಎಂದರೆ ಎಲ್ಲಿ ಹೋದರೂ ಕಕಾರ. ‘ಕನ್ನಡ’ಕ್ಕೆ ಈಗ ಐದೇ ಅಂಕಿ: 3221, 3240, 3277, 3240, 3233. ನಡುವಣ 3277 ಎಂಬುದು ಅರ್ಧಾಕ್ಷರದ ಗುರುತು. ಅದನ್ನು ಕಂಡೊಡನೆ ಮುಂದಿನ ನಕಾರವನ್ನು ಒತ್ತಾಗಿ ಕೆಳಗಿಳಿಸುವ ಹೊಣೆ ತಂತ್ರಾಂಶದ್ದು.

ಆ ಹೊಣೆಯನ್ನು ಅದು ಮರೆತಾಗ ಎರಡನೆಯ ಬಗೆಯ ತೊಂದರೆ. ಇದನ್ನು ಪರೀಕ್ಷಿಸಲು ನಾನು ನಮ್ಮ ಊರುಗಳ ಹೆಸರನ್ನೇ ಬಳಸುತ್ತೇನೆ. ಹಾಸನಕ್ಕೆ ಒತ್ತಿಲ್ಲ, ಅರಕಲಗೂಡಿಗೂ ಇಲ್ಲ. ಅವು ಹೇಗೋ ಪಾರಾಗುತ್ತವೆ. ಪೆಟ್ಟು ಬೀಳುವುದು ಚನ್ನರಾಯಪಟ್ಟಣದವರಿಗೆ: ‘ಚನ್‌ನರಾಯಪಟ್‌ಟಣ’ ಎಂದು ಬಿಡಿಬಿಡಿಯಾಗಿ ನಿಲ್ಲುತ್ತದೆ. ನಮ್ಮ ಸಂಚಿಕೆಯ ಪುಟ ಕಟ್ಟುವಾಗ ಇನ್‌ಡಿಸೈನಿನಲ್ಲಿ ಹೀಗೆಯೇ ಆಯಿತು. ಫಾಂಟನ್ನು ನಾಲ್ಕು ಸಲ ಬದಲಾಯಿಸಿದೆವು, ಫಲವಿಲ್ಲ. ಕೊನೆಗೆ ಪ್ಯಾರಾಗ್ರಾಫಿನ ಜೋಡಣೆಯನ್ನು ‘ವರ್ಲ್ಡ್ ರೆಡಿ’ ಎಂಬುದಕ್ಕೆ ತಿರುಗಿಸಿದೊಡನೆ ಒತ್ತುಗಳು ತಮ್ಮ ತಮ್ಮ ಸ್ಥಾನಕ್ಕೆ ಇಳಿದವು. ಅಕ್ಷರದ ಬದಲು ಚೌಕದ ಪೆಟ್ಟಿಗೆಗಳು ಕಂಡರೆ ಮಾತ್ರ ಫಾಂಟಿನಲ್ಲಿ ಕನ್ನಡವಿಲ್ಲವೆಂದು ತಿಳಿದು ನೋಟೊದಂಥ ಒಂದನ್ನು ಹಾಕಿಕೊಂಡರೆ ಸಾಕು.

ಬೀಸುವ ಪದಗಳ ಕತೆಗೆ ಮರಳುತ್ತೇನೆ. ನುಡಿ ಫಾಂಟು ಹಾಕಿದ ಕೂಡಲೇ ಪುಟ ಕನ್ನಡವಾಯಿತು. ಗೆಳೆಯನು ಬೆಂಚಿನಿಂದ ಎದ್ದೇಬಿಟ್ಟನು. ಆದರೆ ಅಚ್ಚಿಗೆ ಯೂನಿಕೋಡು ಬೇಕು. ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆಂದು ತಿಳಿಯದೆ, ನಾನೇ ಒಂದು ಪಟ್ಟಿ ಮಾಡಿ ಹಳೆಯ ಅಂಕಿಗೆ ಹೊಸ ಅಂಕಿ ಎಂದು ಬದಲಿಸುತ್ತ ಹೋದೆನು. ಅಲ್ಲಿ ಕಾದಿತ್ತು ಅರ್ಕಾವತ್ತು! ಹಳೆಯ ಕ್ರಮದಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ಬಳಿಕ ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚರಿಸುವಂತೆ ರಕಾರವೇ ಮೊದಲು. ಹಿಂದುಮುಂದು ನೋಡದೆ ಬದಲಿಸಿದರೆ ಕರ್ನಾಟಕವು ‘ಕನಾರ್ಟಕ’ವಾಗುತ್ತದೆ. ಈ ಮಹನೀಯ ದೇಶವನ್ನು ಎಷ್ಟೋ ಕರಪತ್ರಗಳಲ್ಲಿ ತಾವೂ ಕಂಡಿರಬಹುದು. ‘ಪರ್ವದ ದಿನ’ ಎಂಬುದು ‘ಪವರ್ದ ದಿನ’ವಾದಾಗ, ಅಜ್ಜಿಯ ಬೀಸುವ ಕಲ್ಲಿಗೆ ಕರೆಂಟು ಬಂತೆಂದು ನಕ್ಕೆವು.

ನಗು ಬಾರದ ಇನ್ನೊಂದಿತ್ತು. ಎರಡು ಕಡೆ ‘ಬತಾರ್ಳೆ’ ಎಂದಿತ್ತು. ಜಾನಪದದಲ್ಲಿ ಆಸಕ್ತಿಯುಳ್ಳ ಮಂಡಲಿಯ ಮಿತ್ರನು ಇದು ಆ ಸೀಮೆಯ ಹಳೆಯ ಕ್ರಿಯಾರೂಪವಿರಬೇಕೆಂದು ಅಡಿಟಿಪ್ಪಣಿಯನ್ನೇ ಬರೆದುಬಿಟ್ಟಿದ್ದನು. ನಾನೂ ನಂಬಿದ್ದೆನು. ಗೆಳೆಯನ ಸೋದರತ್ತೆ ಹೊಳೆನರಸೀಪುರದಲ್ಲಿದ್ದಾರೆ, ಅವರಿಗೂ ಈ ಪದಗಳು ಬರುತ್ತವೆಂದು ತಿಳಿದು ಒಂದು ಭಾನುವಾರ ಹೋಗಿ ಓದಿ ಹೇಳಿದೆವು. ಅವರು ಸೆರಗು ಬಾಯಿಗಿಟ್ಟುಕೊಂಡು ನಕ್ಕು, “ಅಯ್ಯೋ ಮಗಾ, ಅದು ‘ಬರ್ತಾಳೆ’ ಕಣಪ್ಪಾ! ಅವ್ವ ಅಂಗೇನೂ ತೊದಲ್ತಿರ್ಲಿಲ್ಲ” ಎಂದರು. ಅಂಕಿಯ ಹಿಂದುಮುಂದು ಒಬ್ಬ ಅಜ್ಜಿಯ ನುಡಿಯಾಗಿ ಅಚ್ಚಿಗೆ ಹೋಗುವುದರಲ್ಲಿತ್ತು. ಅಡಿಟಿಪ್ಪಣಿ ಹೊಡೆದುಹಾಕಿದೆವು. ಆ ರಾತ್ರಿ ನನ್ನ ಪಟ್ಟಿಯನ್ನು ಬದಿಗಿಟ್ಟು, ಒಳ್ಳೆಯ ಪರಿವರ್ತಕದಲ್ಲಿ ಫೈಲನ್ನು ಮೊದಲಿನಿಂದ ಹಾಯಿಸಿ, ನುಡಿ ಫಾಂಟಿನ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಸಾಲುಸಾಲಾಗಿ ಹೋಲಿಸಿದೆವು.

ಮುಂದಿನ ವರ್ಷ ಲೇಖನ ಕೊಡುವವರಲ್ಲಿ ಒಂದು ಬಿನ್ನಹ. ನುಡಿಯ ಈಚಿನ ಆವೃತ್ತಿಗಳಲ್ಲಿಯೂ ಯೂನಿಕೋಡು ಉಂಟು. ಅಂಗಡಿಯಲ್ಲಿ ಕೂರುವಾಗಲೇ ಅದನ್ನು ಕೇಳಿ ಹಾಕಿಸಿರಿ. ಹಳೆಯ ಫೈಲುಗಳಿದ್ದರೆ, ಅವು ಎಂತಹ ಲಿಪಿಯಲ್ಲಿ ಕಂಡರೂ ಅಳಿಸದೆ ತಂದುಕೊಡಿರಿ.

ಬೀಸುವ ಪದಗಳು ಈ ಸಂಚಿಕೆಯಲ್ಲಿಯೇ ಅಚ್ಚಾಗಿವೆ. ನಾಲ್ಕನೆಯ ಪದದಲ್ಲಿ ಒಂದು ಪ್ರಶ್ನೆಚಿಹ್ನೆ ಕಾಣುವುದು. ಅದು ನಮ್ಮ ಗಣಕದ ದೋಷವಲ್ಲ. ಮೂಲದ ಫೈಲಿನಲ್ಲಿಯೇ ಅಲ್ಲಿ ಇರುವುದು 63, ಅಂದರೆ ಪ್ರಶ್ನೆಚಿಹ್ನೆಯ ಅಂಕಿ. ಬೆರಳಚ್ಚಿನವರಿಗೆ ಆ ಶಬ್ದ ಓದಲು ಬಂದಿರಲಿಲ್ಲವೆಂದು ತೋರುತ್ತದೆ. ಸೋದರತ್ತೆಯವರಿಗೂ ಅದು ನೆನಪಿಲ್ಲ.