ದಿನಬಳಕೆಯ ದ್ರಾಕ್ಷಾಮದ್ಯ: ಬಿಳಿಯದು ಮತ್ತು ಕೆಂಪಿನದು

ಯುರೋಪಿನ ವೈನ್ ಎಂದೊಡನೆ ನಮ್ಮಲ್ಲಿ ಬಹುಮಂದಿಯ ಮನಸ್ಸಿಗೆ ಬರುವುದು, ನೆಲಮಾಳಿಗೆಯ ಕತ್ತಲಲ್ಲಿ ದಶಕಗಟ್ಟಲೆ ಮಲಗಿದ್ದು, ಹರಾಜಿನಲ್ಲಿ ವಿಪರೀತವಾದ ಬೆಲೆಗೆ ಕೈ ಬದಲಾಯಿಸುವ ಸೀಸೆಗಳು. ಆದರೆ ಫ್ರಾನ್ಸಿನಲ್ಲಿಯೂ ಇಟಲಿಯಲ್ಲಿಯೂ ಜನಸಾಮಾನ್ಯರು ಊಟದೊಡನೆ ಕುಡಿಯುವುದು ಅಂಥದನ್ನಲ್ಲ. ಕೊಯ್ಲಾದ ಒಂದೆರಡು ವರ್ಷಗಳಲ್ಲಿಯೇ ಅಂಗಡಿಗೆ ಬಂದು, ಕೊಂಡ ವಾರದೊಳಗೆ ಬರಿದಾಗುವ, ಆಡಂಬರವಿಲ್ಲದ ವೈನನ್ನು. ರುಚಿನೋಡುವ ವಿದ್ಯೆಯನ್ನು ಕಲಿಯಬಯಸುವವನಿಗೆ ಈ ಸಾಧಾರಣ ವೈನೇ ಉತ್ತಮ ಗುರುವೆಂಬುದು ನನ್ನ ದೃಢವಾದ ಅಭಿಪ್ರಾಯ. ಮಹಾವೈನುಗಳಲ್ಲಿ ಹುಳಿ, ಒಗರು, ಮಾಧುರ್ಯ, ಪರಿಮಳಗಳು ಬಹುಕಾಲದ ಸಹವಾಸದಿಂದ ಒಂದರೊಳಗೊಂದು ಬೆರೆತು, ಅನುಭವವಿಲ್ಲದ ನಾಲಿಗೆಗೆ ಬೇರೆಬೇರೆಯಾಗಿ ಸಿಕ್ಕದಂತಾಗಿರುತ್ತವೆ. ಎಳೆಯ ವೈನಿನಲ್ಲಾದರೋ ಒಂದೊಂದು ಗುಣವೂ ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ಅದರಲ್ಲಿಯೂ ಒಂದು ಬಿಳಿಯದನ್ನೂ ಒಂದು ಕೆಂಪಿನದನ್ನೂ ಅಕ್ಕಪಕ್ಕದಲ್ಲಿಟ್ಟುಕೊಂಡು ಗುಟುಕರಿಸಿದವನಿಗೆ ತಿಳಿಯುವಷ್ಟು, ಒಂದೇ ಸೀಸೆಯನ್ನು ಎಷ್ಟು ಹೊತ್ತು ಧ್ಯಾನಿಸಿದರೂ ತಿಳಿಯದು.

ಈ ಎರಡರ ಭೇದವಿರುವುದು ಹಣ್ಣಿನ ರಸದಲ್ಲಲ್ಲ, ಸಿಪ್ಪೆಯಲ್ಲಿ. ಕಪ್ಪು ದ್ರಾಕ್ಷಿಯ ಬಹುಪಾಲು ಜಾತಿಗಳನ್ನು ಹಿಂಡಿದರೂ ಒಸರುವುದು ಬಣ್ಣವಿಲ್ಲದ ರಸವೇ. ಬಿಳಿ ವೈನ್ ಮಾಡುವವರು ಹಣ್ಣನ್ನು ಮೊದಲೇ ಹಿಂಡಿ, ಸಿಪ್ಪೆಬೀಜಗಳನ್ನು ತೆಗೆದುಹಾಕಿ, ಬರಿಯ ರಸವನ್ನು ಹುದುಗಲು ಬಿಡುತ್ತಾರೆ. ಕೆಂಪು ವೈನ್ ಮಾಡುವವರು ಸಿಪ್ಪೆಬೀಜಗಳ ಸಮೇತವಾಗಿಯೇ ಹುದುಗಿಸುತ್ತಾರೆ. ಆ ದಿನಗಳಲ್ಲಿ ಸಿಪ್ಪೆಯಿಂದ ಇಳಿದು ಬರುವುದು ಬಣ್ಣವೊಂದೇ ಅಲ್ಲ. ಟ್ಯಾನಿನ್ ಎಂಬ ಒಗರು ದ್ರವ್ಯವೂ ಅದರೊಡನೆ ಬರುತ್ತದೆ. ಎಳೆಯ ಅಡಕೆಯನ್ನು ಅಗಿದಾಗ ವಸಡು ಬಿಗಿದು ನಾಲಿಗೆ ಒಣಗಿದಂತಾಗುವುದಲ್ಲವೆ, ಕೆಂಪು ವೈನಿನ ಗುಟುಕಿನ ಬಳಿಕ ಆಗುವುದೂ ಅದೇ: ಟ್ಯಾನಿನ್ನು ಜೊಲ್ಲಿನಲ್ಲಿರುವ ಪ್ರೋಟೀನುಗಳಿಗೆ ಅಂಟಿಕೊಂಡು ಬಾಯಿಯ ಜಾರುತನವನ್ನು ಕಳೆದುಬಿಡುತ್ತದೆ. ಬಿಳಿ ವೈನಿನ ಜೀವವಿರುವುದು ಹುಳಿಯಲ್ಲಿ. ಅದು ಇದಕ್ಕೆ ವಿರುದ್ಧವಾಗಿ ಬಾಯಲ್ಲಿ ನೀರೂರಿಸುತ್ತದೆ. ನುಂಗಿದ ಮೇಲೆ ಒಂದು ಕ್ಷಣ ಸುಮ್ಮನಿದ್ದು, ಬಾಯಿ ಒದ್ದೆಯಾಯಿತೋ ಒಣಗಿತೋ ಎಂಬುದನ್ನು ಗಮನಿಸಿದವನು ಪರೀಕ್ಷೆಯ ಅರ್ಧ ದಾರಿಯನ್ನು ಕ್ರಮಿಸಿದಂತೆಯೆ.

ಹುಳಿಯನ್ನು ಅರಿಯುವುದಕ್ಕೆ ಮಸ್ಕಡೆಗಿಂತ ತಕ್ಕ ವೈನು ನನಗೆ ಕಾಣದು. ಫ್ರಾನ್ಸಿನ ಲ್ವಾರ್ ನದಿ ಅಟ್ಲಾಂಟಿಕ್ ಸಾಗರವನ್ನು ಸೇರುವೆಡೆ, ನಾಂತ್ ನಗರದ ಸುತ್ತಿನಲ್ಲಿ, ಮೆಲೋನ್ ಎಂಬ ದ್ರಾಕ್ಷಿಯಿಂದ ಇದನ್ನು ಮಾಡುತ್ತಾರೆ. 1709ರ ಘೋರವಾದ ಚಳಿಗೆ ಆ ಸೀಮೆಯ ಬಳ್ಳಿಗಳು ಸತ್ತ ಮೇಲೆ, ಹಿಮವನ್ನು ತಾಳಬಲ್ಲ ಈ ಜಾತಿ ಅಲ್ಲಿ ವಿಸ್ತಾರವಾಗಿ ಬೇರೂರಿತು. ಹಣ್ಣಿಗೆ ಪ್ರಬಲವಾದ ಪರಿಮಳವಿಲ್ಲ. ಆದುದರಿಂದ ಅಲ್ಲಿಯ ಒಳ್ಳೆಯ ತಯಾರಕರು, ಹುದುಗು ಮುಗಿದ ಬಳಿಕ ತೊಟ್ಟಿಯ ತಳದಲ್ಲಿ ಕೂರುವ ಯೀಸ್ಟಿನ ಗಷ್ಟಿನ ಮೇಲೆಯೇ ವೈನನ್ನು ಚಳಿಗಾಲವಿಡೀ ಬಿಟ್ಟು, ಅಲ್ಲಿಂದಲೇ ನೇರವಾಗಿ ಸೀಸೆಗೆ ತುಂಬುತ್ತಾರೆ. ಲೋಟದಲ್ಲಿ ಅದು ನೀರಿಗಿಂತ ಸ್ವಲ್ಪವೇ ಹಳದಿ. ಮೂಗಿಗೆ ನಿಂಬೆಯ ಸಿಪ್ಪೆಯ ವಾಸನೆ, ಅದರ ಹಿಂದೆ ಹಿಟ್ಟು ಹುದುಗಿದಾಗಿನ ಸೂಕ್ಷ್ಮವಾದ ಗಂಧ. ನಾಲಿಗೆಯ ಮೇಲೆ ಚುರುಕಾದ ಹುಳಿ, ಕೊನೆಯಲ್ಲಿ ಉಪ್ಪಿನ ನೆನಪು ಮಾಡಿಕೊಡುವ ಒಂದು ತೀಕ್ಷ್ಣತೆ. ಆ ಕರಾವಳಿಯವರು ಹಸಿ ಸಿಂಪಿಯೊಡನೆ ಇದನ್ನೇ ಬಯಸುವುದೇಕೆಂಬುದು ಒಂದು ಗುಟುಕಿಗೆ ಅರ್ಥವಾಗುತ್ತದೆ.

ಒಗರನ್ನು ಅರಿಯುವುದಕ್ಕಾಗಿ ಇದರ ಪಕ್ಕದಲ್ಲಿ ಇಡತಕ್ಕದ್ದು ಕಿಯಾಂತಿ. ಫ್ಲಾರೆನ್ಸ್ ಮತ್ತು ಸಿಯೆನಾ ನಗರಗಳ ನಡುವಣ ಗುಡ್ಡಗಳ ಈ ಕೆಂಪು ವೈನಿಗೆ 1716ರಲ್ಲಿಯೇ ಟಸ್ಕನಿಯ ಅರಸ ಮೂರನೆಯ ಕೋಸಿಮೊ ಎಲ್ಲೆಗಳನ್ನು ಗೊತ್ತುಮಾಡಿ ಶಾಸನ ಹೊರಡಿಸಿದ್ದನು. ಇಟಲಿಯ ಪ್ರಧಾನಿಯಾಗಿದ್ದ ಬೆತ್ತಿನೊ ರಿಕಾಸೊಲಿ ತನ್ನ ಬ್ರೋಲಿಯೊ ತೋಟದಲ್ಲಿ ಬಹುವರ್ಷ ಪ್ರಯೋಗ ನಡೆಸಿ, 1872ರ ಪತ್ರವೊಂದರಲ್ಲಿ ಅದರ ಸೂತ್ರವನ್ನು ಬರೆದಿಟ್ಟನು: ಸಂಜೊವೇಸೆ ದ್ರಾಕ್ಷಿ ಪರಿಮಳಕ್ಕೂ ಕಸುವಿಗೂ, ಕನಾಯೊಲೊ ಅದರ ಬಿರುಸನ್ನು ತಗ್ಗಿಸುವುದಕ್ಕೆ, ಮಾಲ್ವಸಿಯಾ ಎಂಬ ಬಿಳಿ ದ್ರಾಕ್ಷಿ ವೈನನ್ನು ಹಗುರಗೊಳಿಸಿ ಪ್ರತಿನಿತ್ಯದ ಊಟಕ್ಕೆ ಒಗ್ಗಿಸುವುದಕ್ಕೆ. ಬಹುಕಾಲ ಇಡಬೇಕಾದ ವೈನಿಗೆ ಮಾಲ್ವಸಿಯಾ ಬೇಡವೆಂಬುದು ಅವನ ಮತ. ರಾಜ್ಯಭಾರ ಮಾಡಿದವನೊಬ್ಬನು ದಿನಬಳಕೆಯ ವೈನನ್ನು ಇಷ್ಟು ಶ್ರದ್ಧೆಯಿಂದ ಚಿಂತಿಸಿದನೆಂಬುದು ನನಗೆ ಅತ್ಯಂತ ಪ್ರಿಯವಾದ ಸಂಗತಿ. ಕಾಲಾನಂತರದಲ್ಲಿ ಬಿಳಿ ದ್ರಾಕ್ಷಿಯ ಪ್ರಮಾಣ ಮಿತಿಮೀರಿ ವೈನು ನೀರಾಯಿತೆಂಬ ದೂರು ಬೆಳೆದು, ಈಗ ಕಿಯಾಂತಿ ಕ್ಲಾಸಿಕೊ ಎನಿಸಿಕೊಂಡಿರುವ ಆ ಗುಡ್ಡಗಳ ಪ್ರದೇಶದಲ್ಲಿ ಅದನ್ನು ಬೆರೆಸುವುದೇ ನಿಷಿದ್ಧವಾಗಿದೆ.

ಪರೀಕ್ಷೆಯ ವಿಧಾನದಲ್ಲಿ ಗೂಢವಾದದ್ದೇನೂ ಇಲ್ಲ. ಬಾಯಿ ಕಿರಿದಾದ ಲೋಟದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ತುಂಬದೆ, ಬಿಳಿಯ ಬಟ್ಟೆಯ ಮೇಲೆ ಓರೆಯಾಗಿ ಹಿಡಿದು ಬಣ್ಣವನ್ನು ನೋಡಿ, ಲೋಟವನ್ನು ವೃತ್ತಾಕಾರವಾಗಿ ಆಡಿಸಿ ಮೂಸಿ, ಆಮೇಲೆ ಒಂದು ಗುಟುಕನ್ನು ಬಾಯಿತುಂಬ ಹೊರಳಿಸಬೇಕು. ನಾವು ರುಚಿಯೆಂದು ಕರೆಯುವುದರ ಬಹುಭಾಗ ಗಂಟಲಿನ ಹಿಂದಿನಿಂದ ಮೂಗಿಗೇರುವ ಪರಿಮಳವೇ. ಮೂಗನ್ನು ಹಿಡಿದುಕೊಂಡರೆ ಹುಳಿ ಒಗರುಗಳ ಹೊರತು ಉಳಿಯುವುದು ಅತ್ಯಲ್ಪ. ಈ ಕೆಲಸವನ್ನು ವೃತ್ತಿಯಾಗಿ ಮಾಡುವವರು ಗುಟುಕನ್ನು ಉಗುಳಿಬಿಡುತ್ತಾರೆ, ಏಕೆಂದರೆ ಮದ್ಯಸಾರ ತಲೆಗೇರಿದ ಮೇಲೆ ವಿವೇಚನೆ ನಿಲ್ಲದು. ಉಷ್ಣತೆಯ ವಿಷಯದಲ್ಲಿ ಉದಾಸೀನ ಸಲ್ಲದು: ಅತಿಯಾದ ತಂಪು ಪರಿಮಳವನ್ನು ಅಡಗಿಸಿ ಒಗರನ್ನು ಎತ್ತಿ ತೋರಿಸುತ್ತದೆ, ಅತಿಯಾದ ಬಿಸುಪು ಮದ್ಯಸಾರವನ್ನು ಮೂಗಿಗೆ ಹೊಡೆಯಿಸುತ್ತದೆ. ಮಸ್ಕಡೆಗೆ 8ರಿಂದ 10, ಕಿಯಾಂತಿಗೆ ಸುಮಾರು 16 ಡಿಗ್ರಿ ಸೆಲ್ಸಿಯಸ್ ಸರಿಯಾದದ್ದು. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ಮಾತು ಯುರೋಪಿನ ತಣ್ಣನೆಯ ಹಳೆಯ ಮನೆಗಳಿಗೆ ಸಲ್ಲುವುದೇ ಹೊರತು ನಮ್ಮ ಏಪ್ರಿಲ್ ತಿಂಗಳಿಗೆ ಸರ್ವಥಾ ಸಲ್ಲದು.

ಬಣ್ಣ ನಾಲಿಗೆಯನ್ನು ಎಷ್ಟರಮಟ್ಟಿಗೆ ಆಳುತ್ತದೆಂಬುದನ್ನು ಬೋರ್ಡೊ ನಗರದ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. 2001ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ, ವೈನ್ ಶಾಸ್ತ್ರವನ್ನು ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನನ್ನು ಕೊಟ್ಟಾಗ, ಅದರ ಪರಿಮಳವನ್ನು ಅವರು ಕೆಂಪು ವೈನಿಗೆ ಹೇಳುವ ಮಾತುಗಳಿಂದಲೇ ವರ್ಣಿಸಿದರು. ಬಲ್ಲವರ ಗತಿಯೇ ಹೀಗಿರುವಲ್ಲಿ, ಕಣ್ಣನ್ನು ಕಟ್ಟಿಕೊಂಡು ನೋಡುವ ಅಭ್ಯಾಸ ನಮಗೆ ಇನ್ನಷ್ಟು ಅವಶ್ಯಕ.

ಆ ಅಭ್ಯಾಸಕ್ಕೆ, ಒಗರಿನಿಂದಲೇ ಸುಲಭವಾಗಿ ಗುರುತು ಸಿಕ್ಕಿಬಿಡುವ ಕಿಯಾಂತಿಗಿಂತ ಬೋಜೊಲೆ ತಕ್ಕದ್ದು. 1395ರಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್ ತನ್ನ ನಾಡಿನಿಂದ ಕಿತ್ತೊಗೆಯಲು ಆಜ್ಞಾಪಿಸಿದ್ದ ಗಾಮೇ ದ್ರಾಕ್ಷಿಯಿಂದ, ಗೊಂಚಲುಗಳನ್ನು ಹಿಸುಕದೆ ಇಡಿಯಾಗಿ ತೊಟ್ಟಿಗಿಟ್ಟು ಹುದುಗಿಸಿ ಮಾಡುವ ಈ ಕೆಂಪು ವೈನಿನಲ್ಲಿ ಒಗರು ಬಹಳ ಕಡಿಮೆ, ಹಣ್ಣಿನ ಪರಿಮಳ ಧಾರಾಳ, ಹುಳಿ ಚುರುಕು. ಇದನ್ನೂ ಮಸ್ಕಡೆಯನ್ನೂ 12 ಡಿಗ್ರಿಗೆ ತಂದು, ಯಾವುದು ಯಾವುದೆಂದು ಹೇಳದೆ ಮನೆಯವರೊಬ್ಬರಿಂದ ಕೈಗೆ ಕೊಡಿಸಿಕೊಂಡು ನೋಡಿ. ಮೊದಲ ಗುಟುಕಿಗೆ ತೀರ್ಪು ಹೇಳಲು ಆತುರಪಡದೆ, ಎರಡನ್ನೂ ಮತ್ತೆ ಮತ್ತೆ ಸರದಿಯ ಮೇಲೆ ಹೊರಳಿಸಿ, ಮೇಲುವಸಡಿನ ಒಳಬದಿಯನ್ನು ನಾಲಿಗೆಯ ತುದಿಯಿಂದ ಸವರಿಕೊಳ್ಳಿ. ಅಲ್ಲಿ ಎಳ್ಳಷ್ಟು ಒರಟುತನ ಸಿಕ್ಕಿದರೆ ಪ್ರಾಯಶಃ ಅದೇ ಕೆಂಪು.